ವೃತ್ತಿಪರ ಸೈಕಲ್ ಸವಾರರ ಸಾಧನೆಯ ಮೌಲ್ಯಮಾಪನ

ವೃತ್ತಿಪರ ಸೈಕಲ್ ಸವಾರರ ಸಾಧನೆಯ ಮೌಲ್ಯಮಾಪನವೆಂದರೆ ಒಬ್ಬ ಸವಾರನು ವೃತ್ತಿಜೀವನದುದ್ದಕ್ಕೂ ಪಡೆದ ಫಲಿತಾಂಶಗಳನ್ನು ಒಟ್ಟಾಗಿ ಅಳೆಯುವುದು. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಈ ಕ್ರೀಡೆಯ ಅತ್ಯಂತ ಪ್ರಸಿದ್ಧ ಸ್ಪರ್ಧೆ. ಆದರೆ ಅದೊಂದನ್ನೇ ಅಳತೆಗೋಲಾಗಿಸಿದರೆ ಹಲವು ಶ್ರೇಷ್ಠ ಸವಾರರು ಲೆಕ್ಕಕ್ಕೇ ಬರುವುದಿಲ್ಲ.

ಸ್ಪರ್ಧೆಗಳ ಬಗೆಗಳು

ಫ್ರಾನ್ಸ್, ಇಟಲಿ ಮತ್ತು ಸ್ಪೇನ್ ದೇಶಗಳ ಮೂರು ವಾರಗಳ ಸ್ಪರ್ಧೆಗಳನ್ನು ‘ಗ್ರ್ಯಾಂಡ್ ಟೂರ್’ ಎನ್ನುತ್ತಾರೆ. ಎಲ್ಲ ಹಂತಗಳ ಒಟ್ಟು ಸಮಯ ಕನಿಷ್ಠವಾಗಿರುವವನೇ ಇಲ್ಲಿ ವಿಜೇತ. ಆದ್ದರಿಂದ ಪರ್ವತಗಳನ್ನು ಏರಬಲ್ಲವರಿಗೆ ಅನುಕೂಲ ಹೆಚ್ಚು. ಮಿಲಾನ್–ಸಾನ್ ರೆಮೊ, ಪ್ಯಾರಿಸ್–ರೂಬೆ ಮೊದಲಾದ ಐದು ಏಕದಿನ ಸ್ಪರ್ಧೆಗಳಿಗೆ ‘ಮಾನ್ಯುಮೆಂಟ್’ ಎಂಬ ಹೆಸರಿದೆ. ಇವು ಬೇರೆಯದೇ ಬಗೆಯ ಬಲ ಮತ್ತು ಜಾಣ್ಮೆಯನ್ನು ಬೇಡುತ್ತವೆ.

ಉದಾಹರಣೆಗಳು

ಐರ್ಲೆಂಡಿನ ಶಾನ್ ಕೆಲ್ಲಿ ಟೂರ್ ಡಿ ಫ್ರಾನ್ಸ್ ಗೆಲ್ಲಲಿಲ್ಲ. 1985ರ ನಾಲ್ಕನೆಯ ಸ್ಥಾನವೇ ಅಲ್ಲಿ ಅವರ ಉತ್ತಮ ಸಾಧನೆ. ಆದರೆ ಅವರು ಒಂಬತ್ತು ಮಾನ್ಯುಮೆಂಟ್‌ಗಳನ್ನು, 1982ರಿಂದ 1988ರವರೆಗೆ ಸತತ ಏಳು ಬಾರಿ ಪ್ಯಾರಿಸ್–ನೀಸ್ ಸ್ಪರ್ಧೆಯನ್ನು ಹಾಗೂ 1988ರ ಸ್ಪೇನ್ ಟೂರನ್ನು ಗೆದ್ದರು. ಫ್ರಾನ್ಸಿನ ರೇಮಂಡ್ ಪುಲಿದೋರ್ ಎಂಟು ಬಾರಿ ಟೂರ್ ಡಿ ಫ್ರಾನ್ಸ್‌ನ ಮೊದಲ ಮೂವರಲ್ಲಿ ಒಬ್ಬರಾದರೂ ಒಂದು ದಿನವೂ ಹಳದಿ ಅಂಗಿ ತೊಡಲಿಲ್ಲ. ಅವರೂ 1964ರ ಸ್ಪೇನ್ ಟೂರ್ ವಿಜೇತರು.

ಮಿತಿಗಳು

ನಾಯಕನಿಗಾಗಿ ಎದುರುಗಾಳಿಯನ್ನು ಸೀಳುತ್ತ, ನೀರು ಹೊತ್ತು ತರುವ ಸಹಾಯಕ ಸವಾರನ ದುಡಿಮೆ ಯಾವ ಫಲಿತಾಂಶ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಕರ್ನಾಟಕದ ಸಂದರ್ಭ

ರಾಜ್ಯದಲ್ಲಿ ಸೈಕ್ಲಿಂಗಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಾಗೂ ನೆರೆಯ ಕೊಪ್ಪಳದ ಕಿರಿಯ ಸವಾರರಿಗೂ ಇದೇ ತತ್ತ್ವ ಅನ್ವಯಿಸುತ್ತದೆ: ಟ್ರ್ಯಾಕ್, ರಸ್ತೆ ಮತ್ತು ಟೈಮ್ ಟ್ರಯಲ್ ವಿಭಾಗಗಳ ಸಾಧನೆಯನ್ನು ಒಂದೇ ಕೂಟದ ಪದಕದಿಂದ ಅಳೆಯಲಾಗದು.