ಬೆರಕೆಯಿಂದ ಬಂದ ಬೆಲೆ

ಬೆರಕೆ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಹಾಲಿಗೆ ನೀರು, ಅಕ್ಕಿಗೆ ಕಲ್ಲು ಬೆರೆತರೆ ನಾವು ಮುನಿಯುತ್ತೇವೆ. ಹರಳುಗಳ ಲೋಕದ ನ್ಯಾಯವೇ ಬೇರೆ. ಅಲ್ಲಿ ತೂಗಿ ಬೆರೆಸಿದ ಅಲ್ಪ ಕಲ್ಮಷವು ನಿಷ್ಪ್ರಯೋಜಕವೆನಿಸಿದ್ದ ವಸ್ತುವನ್ನು ಉಪಯುಕ್ತವಾಗಿಸಬಲ್ಲುದು. ಫ್ಲೂರೈಡ್ ಹರಳುಗಳು ಇದಕ್ಕೊಂದು ನಿದರ್ಶನ.

ಕ್ಯಾಲ್ಸಿಯಂ ಫ್ಲೂರೈಡನ್ನೇ ನೋಡೋಣ. ನಿಸರ್ಗದಲ್ಲಿ ಇದು ಫ್ಲೂರೈಟ್ ಎಂಬ ಖನಿಜ. ಇದರೊಳಗೆ ಋಣಾವೇಶದ ಫ್ಲೂರೈಡ್ ಅಯಾನುಗಳು ಪುಟ್ಟ ಘನಾಕೃತಿಗಳ ಮೂಲೆಗಳಲ್ಲಿ ನಿಂತಿವೆ. ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳಂತೆ, ಒಂದು ಘನದ ನಡುವೆ ಧನಾವೇಶದ ಕ್ಯಾಲ್ಸಿಯಂ ಅಯಾನಿದ್ದರೆ ಪಕ್ಕದ ಘನ ಖಾಲಿ. ಲೋಹದ ತಂತಿಯಲ್ಲಿರುವ ಸ್ವತಂತ್ರ ಎಲೆಕ್ಟ್ರಾನುಗಳು ಇಲ್ಲಿಲ್ಲ; ವಿದ್ಯುತ್ತು ಹರಿಯಬೇಕಾದರೆ ಅಯಾನುಗಳೇ ಎದ್ದು ನಡೆಯಬೇಕು. ಅವು ತಮ್ಮ ತಮ್ಮ ಸ್ಥಾನಗಳಲ್ಲಿ ಭದ್ರವಾಗಿರುವುದರಿಂದ ಶುದ್ಧ ಹರಳು ಸಾಮಾನ್ಯ ಉಷ್ಣತೆಯಲ್ಲಿ ಅವಾಹಕ.

ಸೀಸದ ಫ್ಲೂರೈಡನ್ನು ಕಾಯಿಸಿದರೆ ಅದು ಘನರೂಪದಲ್ಲಿದ್ದೇ ವಾಹಕವಾಗುವುದನ್ನು ಮೈಕೇಲ್ ಫ್ಯಾರಡೆ 1830ರ ದಶಕದಲ್ಲಿಯೇ ಕಂಡಿದ್ದನು. ಶಾಖದ ಕಂಪನದಿಂದ ಕೆಲವು ಅಯಾನುಗಳು ಸ್ವಸ್ಥಾನ ತೊರೆದು ನಡುವಣ ತೆರಪುಗಳನ್ನು ಹೊಗಬಲ್ಲವೆಂದು ಸೋವಿಯತ್ ವಿಜ್ಞಾನಿ ಯಾಕೋವ್ ಫ್ರೆಂಕೆಲ್ 1926ರಲ್ಲಿ ಪ್ರತಿಪಾದಿಸಿದನು.

ಶಾಖ ಮಾಡುವ ಕೆಲಸವನ್ನು ಬೆರಕೆಯೂ ಮಾಡಬಲ್ಲುದು. ಕ್ಯಾಲ್ಸಿಯಂ ಅಯಾನಿನ ಆವೇಶ ಎರಡು. ಅದರ ಸ್ಥಾನದಲ್ಲಿ ಆವೇಶ ಮೂರುಳ್ಳ ಇಟ್ರಿಯಂ ಅಯಾನನ್ನು ಕೂರಿಸಿದರೆ, ಲೆಕ್ಕ ಸರಿದೂಗಿಸಲು ಹೆಚ್ಚುವರಿ ಫ್ಲೂರೈಡೊಂದು ಖಾಲಿ ಘನವನ್ನು ಸೇರುತ್ತದೆ. ಆವೇಶ ಒಂದೇ ಉಳ್ಳ ಸೋಡಿಯಂ ಕೂತರೆ, ಫ್ಲೂರೈಡಿನ ಸ್ಥಾನವೊಂದು ತೆರವಾಗುತ್ತದೆ. ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿಯಾದರೆ ಪಕ್ಕದವರು ಒಬ್ಬೊಬ್ಬರಾಗಿ ಸರಿಯಬಹುದಲ್ಲವೆ? ಹಾಗೆ ಅಯಾನುಗಳು ಸರಿಯತೊಡಗಿ, ವಾಹಕತೆ ಹೆಚ್ಚುತ್ತದೆ.

ಆದರೆ ಬಂದ ಅತಿಥಿಗೆ ಪೂರ್ಣ ಸ್ವಾತಂತ್ರ್ಯವಿಲ್ಲ. ಇಟ್ರಿಯಂ ಹೆಚ್ಚುವರಿ ಫ್ಲೂರೈಡನ್ನು ತನ್ನತ್ತ ಸೆಳೆಯುತ್ತದೆ. ಎರಡೂ ಸೇರಿ ಒಂದು ದ್ವಿಧ್ರುವವಾಗುತ್ತವೆ. ದಿಕ್ಕು ಬದಲಿಸುತ್ತಿರುವ ವಿದ್ಯುತ್ ಕ್ಷೇತ್ರದಲ್ಲಿ ಹರಳನ್ನಿಟ್ಟರೆ, ಗೂಟಕ್ಕೆ ಕಟ್ಟಿದ ಕರುವಿನಂತೆ ಫ್ಲೂರೈಡ್ ಇಟ್ರಿಯಮ್ಮಿನ ಸುತ್ತಲಿನ ಆರು ಖಾಲಿ ಘನಗಳಲ್ಲಿ ನೆಗೆದಾಡುತ್ತದೆ. ಕ್ಷೇತ್ರ ನಿಧಾನವಾಗಿ ಬದಲಾದರೆ ಅದನ್ನು ಅನುಸರಿಸುತ್ತದೆ. ತೀರ ವೇಗವಾಗಿ ಬದಲಾದರೆ ಸ್ಪಂದಿಸಲಾರದು. ನಡುವಣ ಒಂದು ವೇಗದಲ್ಲಿ ಹಿಂದೆ ಬೀಳುತ್ತ, ಹೆಚ್ಚು ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಉಷ್ಣತೆ ಬದಲಿಸಿ ಈ ನಷ್ಟವನ್ನು ಅಳೆದರೆ, ಅಯಾನು ನೆಗೆಯಲು ದಾಟಬೇಕಾದ ಅಡ್ಡಿ ಎಷ್ಟೆಂದು ತಿಳಿಯುತ್ತದೆ. ಹರಳಿನ ಪರಾವೈದ್ಯುತ ವರ್ತನೆಯ ಅಧ್ಯಯನ ಕಾಣದ ಈ ನಡೆಯನ್ನು ಬಯಲಿಗೆ ತರುತ್ತದೆ.

ಇದರಿಂದ ನಮಗೇನೆಂದು ಕೇಳಬಹುದು. ಉತ್ತರ ನಮ್ಮ ಕೊಳವೆಬಾವಿಗಳಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳ ಹಲವೆಡೆ ಬಂಡೆಗಳಿಂದ ಕರಗಿದ ಫ್ಲೂರೈಡ್ ಅಂತರ್ಜಲದಲ್ಲಿದೆ. ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡಬಹುದು. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳೂ ಬಿಗಿಯುತ್ತವೆ.

ಈ ಅಗೋಚರ ಶತ್ರುವನ್ನು ಹಿಡಿಯುವ ಸಾಧನ ಬೆರಕೆಯ ಹರಳೇ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬ ಅಮೆರಿಕದ ವಿಜ್ಞಾನಿಗಳು ಯೂರೋಪಿಯಂ ಬೆರೆಸಿದ ಲ್ಯಾಂಥನಂ ಫ್ಲೂರೈಡ್ ಹರಳಿನಿಂದ ಒಂದು ಎಲೆಕ್ಟ್ರೋಡನ್ನು ರಚಿಸಿದರು. ಯೂರೋಪಿಯಂ ತೆರವು ಮಾಡಿದ ಸ್ಥಾನಗಳ ಮೂಲಕ ಫ್ಲೂರೈಡ್ ಅಯಾನುಗಳು ಮಾತ್ರ ಸಾಗುತ್ತವೆ. ಹರಳಿನ ಒಳಬದಿಯಲ್ಲಿ ಪ್ರಮಾಣ ತಿಳಿದ ದ್ರಾವಣ, ಹೊರಬದಿಯಲ್ಲಿ ಬಾವಿಯ ನೀರು. ನೀರಿನಲ್ಲಿರುವ ಫ್ಲೂರೈಡಿನ ಪ್ರಮಾಣ ಹತ್ತುಪಟ್ಟು ಬದಲಾದರೆ ವೋಲ್ಟೇಜು ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಅದರಿಂದ ಪ್ರಮಾಣ ಗೊತ್ತಾಗುತ್ತದೆ. ಇಂದಿಗೂ ಪ್ರಯೋಗಶಾಲೆಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ನೀರನ್ನು ಕುದಿಸಿದರೆ ಫ್ಲೂರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಹರಳು ಅಪಾಯವನ್ನು ಸೂಚಿಸಬಲ್ಲುದು, ನಿವಾರಿಸಲಾರದು. ಆ ಸೂಚನೆಯನ್ನು ಅರಿತು ಬೇರೆ ನೀರನ್ನೋ ಶೋಧಿಸಿದ ನೀರನ್ನೋ ಊರಿಗೆ ಒದಗಿಸುವುದು ನಮ್ಮ ಹೊಣೆ.