ಸಂಬಳ ಯಾರನ್ನು ಕರೆತರುತ್ತದೆ, ಯಾರನ್ನು ಉಳಿಸುತ್ತದೆ?

2011ರಲ್ಲಿ ಮೆಕ್ಸಿಕೊ ಸರ್ಕಾರಕ್ಕೆ ತೀರಾ ಹಿಂದುಳಿದ ಊರುಗಳಲ್ಲಿ ದುಡಿಯುವ ಕಾರ್ಯಕರ್ತರು ಬೇಕಾಗಿದ್ದರು. ಹುದ್ದೆಗಳು 350, ಅರ್ಜಿ ಕರೆದದ್ದು 106 ಕಡೆಗಳಲ್ಲಿ. ಕೆಲವು ಕಡೆ ತಿಂಗಳಿಗೆ 5,000 ಪೆಸೊ ಸಂಬಳ ಎಂದು ಪ್ರಕಟಿಸಿದರು, ಉಳಿದ ಕಡೆ ಅದೇ ಕೆಲಸಕ್ಕೆ 3,750 ಪೆಸೊ. ಎಲ್ಲಿ ಎಷ್ಟು ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸಿದ್ದರು. ಬಂದ ಅಭ್ಯರ್ಥಿಗಳಿಗೆ ಬುದ್ಧಿಮತ್ತೆ, ಸ್ವಭಾವ, ಪ್ರಾಮಾಣಿಕತೆ, ಜನಸೇವೆಯ ಒಲವು ಎಲ್ಲವನ್ನೂ ಅಳೆಯುವ ಪರೀಕ್ಷೆ ಇತ್ತು. ಅರ್ಥಶಾಸ್ತ್ರಜ್ಞರಾದ ಎರ್ನೆಸ್ಟೊ ಡಾಲ್ ಬೊ, ಫ್ರೆಡೆರಿಕೊ ಫಿನಾನ್ ಮತ್ತು ಮಾರ್ಟಿನ್ ರೊಸ್ಸಿ ಈ ನೇಮಕಾತಿಯನ್ನೇ ಒಂದು ಪ್ರಯೋಗವನ್ನಾಗಿ ಮಾಡಿಕೊಂಡಿದ್ದರು.

ಹೆಚ್ಚು ಸಂಬಳಕ್ಕೆ ಹೆಚ್ಚು ಸಮರ್ಥರು ಬಂದರು ಎಂಬುದರಲ್ಲಿ ಅಚ್ಚರಿಯಿಲ್ಲ. ಬೇರೆ ಕಡೆ ಚೆನ್ನಾಗಿ ಗಳಿಸುತ್ತಿದ್ದವರು, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮೇಲಿದ್ದವರು ಅರ್ಜಿ ಹಾಕಿದ್ದರು. ಆದರೆ ದುಡ್ಡಿನಾಸೆಗೆ ಬರುವವರಲ್ಲಿ ಸೇವಾಭಾವ ಎಲ್ಲಿಂದ ಬರಬೇಕು ಎಂಬ ಹಳೆಯ ಅನುಮಾನವೊಂದಿದೆಯಲ್ಲ, ಅದಕ್ಕೆ ಇಲ್ಲಿ ಪುರಾವೆ ಸಿಗಲಿಲ್ಲ. ಹೆಚ್ಚು ಸಂಬಳದ ಕಡೆ ಬಂದವರ ಸೇವೆಯ ಒಲವು ಕಡಿಮೆ ಇರಲಿಲ್ಲ, ತುಸು ಹೆಚ್ಚೇ ಇತ್ತು. ದೂರದ ಊರು, ಮಾದಕವಸ್ತು ದಂಧೆಯ ಹಿಂಸೆ ಇರುವ ಊರು ಎಂದಾಗ ಆಯ್ಕೆಯಾದವರೂ ಕೆಲಸ ಒಪ್ಪಲು ಹಿಂದೇಟು ಹಾಕಿದರು. ಆ ಹಿಂದೇಟನ್ನು ಕೂಡ ಹೆಚ್ಚಿನ ಸಂಬಳ ಒಂದಷ್ಟು ತಗ್ಗಿಸಿತು.

ಇಷ್ಟನ್ನೇ ಓದಿದವರು ಸಂಬಳ ಏರಿಸಿದರೆ ಆಡಳಿತ ತಾನಾಗಿ ಸುಧಾರಿಸುತ್ತದೆ ಎಂದುಕೊಳ್ಳಬಹುದು. ಅವರು ಇಂಡೊನೇಷ್ಯಾದ ಕಥೆಯನ್ನೂ ಕೇಳಬೇಕು. ಅಲ್ಲಿ 2005ರ ಕಾನೂನಿನಡಿ ಪ್ರಮಾಣಪತ್ರ ಪಡೆದ ಶಿಕ್ಷಕರಿಗೆ ಮೂಲವೇತನದಷ್ಟೇ ಭತ್ಯೆ ಸಿಗುತ್ತದೆ, ಅಂದರೆ ಸಂಬಳ ದುಪ್ಪಟ್ಟು. ಯೋಪೆ ಡಿ ರೀ, ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 360 ಶಾಲೆಗಳನ್ನು ಆರಿಸಿಕೊಂಡು, ಅವುಗಳಲ್ಲಿ ಕೆಲವು ಶಾಲೆಗಳ ಶಿಕ್ಷಕರಿಗೆ ಈ ಭತ್ಯೆ ಬೇಗನೆ ಸಿಗುವಂತೆ ನೋಡಿಕೊಂಡರು. ಶಿಕ್ಷಕರಿಗೆ ನೆಮ್ಮದಿಯಾಯಿತು. ಸಂಜೆಯ ಎರಡನೇ ಕೆಲಸ ಬಿಟ್ಟವರಿದ್ದರು, ಹಣದ ಚಿಂತೆ ಕಡಿಮೆಯಾಯಿತು. ಮಕ್ಕಳ ಕಲಿಕೆ ಮಾತ್ರ ಎರಡು ವರ್ಷದ ನಂತರವೂ ಮೂರು ವರ್ಷದ ನಂತರವೂ ಇದ್ದಲ್ಲೇ ಇತ್ತು.

ಎರಡು ದೇಶಗಳ ಫಲಿತಾಂಶ ಒಂದಕ್ಕೊಂದು ವಿರುದ್ಧವೆಂದು ತೋರಬಹುದು, ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಮೆಕ್ಸಿಕೊದಲ್ಲಿ ಸಂಬಳದ ಮಾತು ಬಂದದ್ದು ನೇಮಕಾತಿಗೆ ಮೊದಲು. ಅದು ಯಾರು ಅರ್ಜಿ ಹಾಕುತ್ತಾರೆ ಎಂಬುದನ್ನು ಬದಲಿಸಿತು. ಇಂಡೊನೇಷ್ಯಾದಲ್ಲಿ ಸಂಬಳ ಏರಿದ್ದು ಒಳಗೆ ಬಂದಾದ ಮೇಲೆ, ಅದೂ ಪಾಠ ಚೆನ್ನಾಗಿ ಮಾಡಿದವರಿಗೂ ಮಾಡದವರಿಗೂ ಒಂದೇ ಸಮನಾಗಿ. ಇದೇ ಬಗೆಯಲ್ಲಿ ಘಾನಾ ದೇಶ 2010ರಲ್ಲಿ ಪೊಲೀಸರ ಸಂಬಳವನ್ನು ದುಪ್ಪಟ್ಟು ಮಾಡಿದಾಗ ಹೆದ್ದಾರಿಯಲ್ಲಿ ಲಾರಿ ಚಾಲಕರಿಂದ ಕೀಳುವ ಲಂಚ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಹಾಗಾದರೆ ಕೆಲಸಕ್ಕೆ ತಕ್ಕ ಬೋನಸ್ ಕೊಟ್ಟರೆ? ಅವಿಭಜಿತ ಆಂಧ್ರಪ್ರದೇಶದ 300 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದನ್ನು ಪರೀಕ್ಷಿಸಿದರು. ಬೋನಸ್ ಸರಾಸರಿ ವಾರ್ಷಿಕ ಸಂಬಳದ ಶೇ 3ರಷ್ಟು ಮಾತ್ರ. ಎರಡು ವರ್ಷದಲ್ಲಿ ಗಣಿತ ಮತ್ತು ಭಾಷೆಯಲ್ಲಿ ಮಕ್ಕಳು ಮುಂದೆ ಬಂದರು. ಬೋನಸ್ಸಿನ ಲೆಕ್ಕಕ್ಕೆ ಸೇರದ ವಿಜ್ಞಾನ, ಸಮಾಜ ವಿಜ್ಞಾನಗಳಲ್ಲೂ ಸುಧಾರಿಸಿದರು. ಇಂಡೊನೇಷ್ಯಾದ ದುಪ್ಪಟ್ಟು ಸಂಬಳಕ್ಕೆ ಆಗದ್ದು ಇಲ್ಲಿ ಶೇ 3ಕ್ಕೆ ಆಯಿತು.

ಆದರೂ ಬೋನಸ್ಸನ್ನು ಎಲ್ಲ ಇಲಾಖೆಗೂ ಹಂಚಿಬಿಡೋಣ ಎನ್ನಲು ನನಗೆ ಧೈರ್ಯವಿಲ್ಲ. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಆಸ್ತಿ ತೆರಿಗೆ ಅಧಿಕಾರಿಗಳಿಗೆ ವಸೂಲಿಗೆ ತಕ್ಕ ಇನಾಮು ಕೊಟ್ಟಾಗ ಖಜಾನೆಗೆ ಹೆಚ್ಚು ಹಣ ಬಂತು, ಜೊತೆಗೆ ಅನೇಕರಿಂದ ಕೇಳುವ ಲಂಚದ ಮೊತ್ತವೂ ಏರಿತು. ಅಧಿಕಾರಿಯ ಕೈಗೆ ಇನಾಮು ಬರುತ್ತದೆ ಎಂದ ಮೇಲೆ ತೆರಿಗೆ ತಗ್ಗಿಸಿ ಬರೆಯಲು ಆತ ಹೆಚ್ಚು ದರ ಕೇಳುವುದು ಸಹಜವೇ. ಈ ಪ್ರಯೋಗ ನಡೆಸಿದ ಅದ್ನಾನ್ ಖಾನ್, ಅಸೀಮ್ ಖ್ವಾಜಾ ಮತ್ತು ಬೆಂಜಮಿನ್ ಓಲ್ಕೆನ್ ಮುಂದೆ ಹಣವನ್ನೇ ಕೈಬಿಟ್ಟು ಇನ್ನೊಂದು ದಾರಿ ಹಿಡಿದರು. ನಮ್ಮ ಯಾವ ನೌಕರನಿಗೂ ಅದು ಥಟ್ಟನೆ ಅರ್ಥವಾದೀತು: ವರ್ಗಾವಣೆ. ಪ್ರತಿ ಇನ್‌ಸ್ಪೆಕ್ಟರ್ ತನಗೆ ಬೇಕಾದ ಸರ್ಕಲ್‌ಗಳ, ಅಂದರೆ ತೆರಿಗೆ ವಲಯಗಳ, ಪಟ್ಟಿ ಕೊಡಬೇಕು. ವಸೂಲಿಯಲ್ಲಿ ಮೊದಲು ಬಂದವನಿಗೆ ಮೊದಲ ಆಯ್ಕೆ, ಆಮೇಲೆ ಎರಡನೆಯವನಿಗೆ, ಹೀಗೆ ಕೊನೆಯವನವರೆಗೆ. ಸರ್ಕಾರಕ್ಕೆ ಒಂದು ರೂಪಾಯಿಯ ಸಂಬಳವೂ ಹೆಚ್ಚಾಗಲಿಲ್ಲ, ತೆರಿಗೆ ಆದಾಯದ ಬೆಳವಣಿಗೆಯ ದರ ಮಾತ್ರ ಶೇ 30ರಿಂದ 41ರಷ್ಟು ಏರಿತು.

ಕರ್ನಾಟಕದಲ್ಲಿ ಸರ್ಕಾರಿ ಕೆಲಸಕ್ಕೆ ಜನರನ್ನು ಸೆಳೆಯುವುದೇ ಕಷ್ಟ ಎಂದು ಯಾರೂ ಹೇಳಲಾರರು. ಸಾವಿರ ಹುದ್ದೆಗೆ ಲಕ್ಷಗಟ್ಟಲೆ ಅರ್ಜಿ ಬರುವ ನಾಡು ಇದು. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಇದರಲ್ಲಿ ಮೊದಲೇ ಸಿಗುತ್ತಿದ್ದ ತುಟ್ಟಿಭತ್ಯೆಯ ಪಾಲೂ ಸೇರಿದೆ, ಹೊಸದಾಗಿ ಬಂದದ್ದು ಶೇ 27.5ರ ಫಿಟ್‌ಮೆಂಟ್, ಅಂದರೆ ಮೂಲವೇತನದ ಮೇಲಿನ ನಿಜವಾದ ಏರಿಕೆ. ಅದೇ ಹೊತ್ತಿಗೆ ರಾಜ್ಯದಲ್ಲಿ ಎರಡೂವರೆ ಲಕ್ಷದಷ್ಟು ಮಂಜೂರಾದ ಹುದ್ದೆಗಳು ಖಾಲಿ ಇದ್ದವು. ಅರ್ಜಿದಾರರು ಸಾಲುಗಟ್ಟಿ ನಿಂತಿದ್ದರೂ ಕುರ್ಚಿಗಳು ಖಾಲಿ ಉಳಿದದ್ದಕ್ಕೆ ಸಂಬಳವನ್ನು ದೂರಲಾಗದು.

ವೈದ್ಯರ ವಿಚಾರ ಬೇರೆ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ನಡೆಸಿದ ಅಧ್ಯಯನ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಕಲಿಸುವಂಥದ್ದು. ಕೆಲವು ಕೇಂದ್ರಗಳಲ್ಲಿ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಯಂತ್ರ ಇಟ್ಟರು. ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್‌ಗಳ ಹಾಜರಿ ಸುಧಾರಿಸಿತು, ತೂಕ ಕಡಿಮೆ ಇರುವ ಶಿಶುಗಳ ಜನನವೂ ತಗ್ಗಿತು. ವೈದ್ಯರ ಹಾಜರಿ ಮಾತ್ರ ಕದಲಲಿಲ್ಲ. ಗೈರಾದವರ ರಜೆ ಕತ್ತರಿಸಲು ನಿಯಮದಲ್ಲಿ ಅವಕಾಶವಿದ್ದರೂ ಇಲಾಖೆ ಅದನ್ನು ಬಿಗಿಯಾಗಿ ಜಾರಿ ಮಾಡಲಿಲ್ಲ. ಖಾಸಗಿ ಪ್ರಾಕ್ಟೀಸಿನ ದಾರಿ ತೆರೆದೇ ಇರುವ ವೈದ್ಯರನ್ನು ಗದರಿಸಿದರೆ ಅವರು ಬಿಟ್ಟೇ ಹೋದಾರು ಎಂಬ ಭಯ ಇಲಾಖೆಗೆ ಇದ್ದೇ ಇರುತ್ತದೆ. ನೌಕರನನ್ನು ಉಳಿಸಿಕೊಳ್ಳುವ ಚಿಂತೆ, ಅವನಿಂದ ಕೆಲಸ ತೆಗೆಸುವ ಅಧಿಕಾರವನ್ನು ಹೀಗೆ ಕಸಿದುಕೊಳ್ಳುತ್ತದೆ.

ಇಂಥ ಕಡೆ ಎಲ್ಲರಿಗೂ ಒಂದೇ ಶೇಕಡಾವಾರು ಏರಿಕೆ ಕೊಡುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಊರಿನ ಕಷ್ಟ ನೋಡಿ ಕೊಡುವ ಭತ್ಯೆ, ಮುಂದಿನ ಓದಿಗೆ ಆದ್ಯತೆ, ವಾಸಕ್ಕೆ ಯೋಗ್ಯವಾದ ಕ್ವಾರ್ಟರ್ಸ್, ಇಷ್ಟು ವರ್ಷ ಕಳೆದರೆ ಬೇಕಾದ ಊರು ಎಂಬ ಖಾತ್ರಿ, ಇವು ಹೆಚ್ಚು ನಾಟುತ್ತವೆ. ಹಳ್ಳಿಗಾಡಿನಲ್ಲಿ ಬೆಳೆದವರನ್ನು ವೈದ್ಯಕೀಯ ಶಿಕ್ಷಣಕ್ಕೆ ಸೇರಿಸಿಕೊಂಡರೆ ಅವರು ಹಳ್ಳಿಗಾಡಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು ಎಂದು ಹೇಳಿ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಅದನ್ನು ಶಿಫಾರಸು ಮಾಡಿತ್ತು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಟ್ಟದ್ದನ್ನು ನ್ಯಾಯದ ಪ್ರಶ್ನೆಯಾಗಿಯಷ್ಟೇ ನೋಡುತ್ತೇವೆ. ಸಿಬ್ಬಂದಿಯನ್ನು ಊರಲ್ಲೇ ನಿಲ್ಲಿಸುವ ಉಪಾಯವಾಗಿಯೂ ಅದನ್ನು ಅಳೆದು ನೋಡಬಹುದು.

ನಮ್ಮ ಶಿಕ್ಷಕರ ವರ್ಗಾವಣೆಗೆ ಕಾನೂನಿದೆ, ಎ, ಬಿ, ಸಿ ವಲಯಗಳಿವೆ, ಕೌನ್ಸೆಲಿಂಗ್ ಇದೆ. ಶಿಫಾರಸು ಚೀಟಿ ಹಿಡಿದು ಅಲೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಪಾಠದ ಗುಣಮಟ್ಟಕ್ಕೆ ಅಲ್ಲಿ ಅಂಕವಿಲ್ಲ. ಇರಬೇಕೆಂದು ಒತ್ತಾಯಿಸುವುದೂ ಸುಲಭವಲ್ಲ, ಏಕೆಂದರೆ ತೆರಿಗೆಯನ್ನು ಎಣಿಸಿದಂತೆ ಪಾಠವನ್ನು ಎಣಿಸಲಾಗದು, ಅಳೆಯುವವರ ಮೇಲೆ ನಂಬಿಕೆಯೂ ಬೇಕು. ಆದರೆ ದೂರದ ಹಳ್ಳಿಗಳ ಸಿ ವಲಯದ ಶಾಲೆಯಲ್ಲಿ ನಿಂತು ಕಲಿಸಿದ ವರ್ಷಗಳಿಗೆ ಇನ್ನಷ್ಟು ತೂಕ ಕೊಡಲು ಯಾವ ಹೊಸ ಮಾಪನವೂ ಬೇಕಿಲ್ಲ. ಮುಂದಿನ ವೇತನ ಆಯೋಗ ತನ್ನ ಏರಿಕೆಯ ಒಂದು ಪಾಲನ್ನಾದರೂ ಹುದ್ದೆಗೆ ಬದಲು ಊರಿಗೆ ಕಟ್ಟಲಿ. ಮೊದಲು ನಾಲ್ಕು ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ, ಫಲಿತಾಂಶ ಏನೇ ಬಂದರೂ ಅದನ್ನು ಪ್ರಕಟಿಸಲಿ.