ಜೇವರ್ಗಿಯ ಪಾಠಕ್ಕೆ ಅಮೆರಿಕದ ನಂಬರ್ ಬೇಕೆ?

“ಮಾಮಾ, ಅಮೆರಿಕದ ಟ್ಯಾಕ್ಸ್ ನಂಬರ್ ಕೇಳ್ಯಾರ. ಇಲ್ಲಾಂದ್ರ ರೊಕ್ಕಾ ಕಳ್ಸಂಗಿಲ್ಲಂತ. ಇಲ್ಲೊಬ್ರು ಹದಿನೆಂಟು ಸಾವಿರ ಕೊಡ್ರಿ, ಮಾಡಿಸಿಕೊಡ್ತೀನಿ ಅಂತಾರ. ಕೊಡ್ಲ್ಯಾ?”

ಜೇವರ್ಗಿಯಿಂದ ಅಕ್ಕನ ಮಗಳ ಫೋನು. ಬೆಳಿಗ್ಗೆ ಐದೂವರೆಗೆ ಆಕೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾಳೆ. ಆಗ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ ಎಂಟು. ಊಟ ಮುಗಿಸಿದ ನಾಲ್ಕು ಮಕ್ಕಳು ಪರದೆಯ ಮೇಲೆ ಬಂದು ಕನ್ನಡ ಕಾಗುಣಿತ ಕಲಿಯುತ್ತಾರೆ. ಇದಲ್ಲದೆ ಮಾತನಾಡುವ ಕನ್ನಡದ ಪಾಠಗಳನ್ನು ವಿಡಿಯೊ ಮಾಡಿ ಒಂದು ಅಮೆರಿಕನ್ ತಾಣಕ್ಕೆ ಏರಿಸಿದ್ದಾಳೆ. ನಂಬರ್ ಕೇಳಿದ್ದು ಆ ತಾಣ. ಮಕ್ಕಳ ತಂದೆ ತಾಯಂದಿರು ಯಾರೂ ಏನೂ ಕೇಳಿಲ್ಲ.

ಕೊಡಬೇಡ ಎಂದೆ. ಯಾಕೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗ ಹುಡುಗಿಯರು ಗಣಿತ, ಯೋಗ, ಹಾರ್ಮೋನಿಯಂ, ಕನ್ನಡ ಎಂದು ಹೊರದೇಶದವರಿಗೆ ಪಾಠ ಹೇಳತೊಡಗಿದ್ದಾರೆ. ಅವರು ಮೊದಲು ಎಡವುವುದು ಈ ನಂಬರಿನ ಬಳಿಯೇ.

ಆ ತಾಣ ಕೇಳಿದ್ದು ಡಬ್ಲ್ಯೂ-8ಬಿಇಎನ್ ಎಂಬ ಒಂದೇ ಹಾಳೆಯ ಫಾರ್ಮ್. ಅಮೆರಿಕದ ಆದಾಯ ತೆರಿಗೆ ಇಲಾಖೆಯಾದ ಐಆರ್‌ಎಸ್ ರೂಪಿಸಿದ್ದು. ಆದರೆ ಅದನ್ನು ಐಆರ್‌ಎಸ್‌ಗೆ ಕಳಿಸುವುದಿಲ್ಲ, ನಿಮಗೆ ಹಣ ಕೊಡುವ ಕಂಪನಿಗೆ ಕೊಡಬೇಕು. ಅದು ಹೇಳುವುದು ಇಷ್ಟು: ನಾನು ಅಮೆರಿಕದವಳಲ್ಲ, ಭಾರತದ ನಿವಾಸಿ, ನನ್ನ ತೆರಿಗೆ ಗುರುತು ಇದು. ಈ ಫಾರ್ಮಿನ ಐದನೇ ಸಾಲು ಅಮೆರಿಕದ ನಂಬರ್ ಕೇಳುತ್ತದೆ. ಅದರ ಕೆಳಗೇ ಆರನೇ ಸಾಲು ವಿದೇಶಿ ತೆರಿಗೆ ನಂಬರ್ ಕೇಳುತ್ತದೆ. ಅಕ್ಕನ ಮಗಳು “ವಿದೇಶಿ” ಎಂಬ ಪದ ಓದಿ ಅಮೆರಿಕದ್ದು ಎಂದುಕೊಂಡಿದ್ದಳು. ಫಾರ್ಮ್ ಬರೆದದ್ದು ಅಮೆರಿಕದವರು, ಅವರಿಗೆ ವಿದೇಶಿ ಎಂದರೆ ನಾವು. ಆರನೇ ಸಾಲಿನಲ್ಲಿ ತುಂಬಬೇಕಾದದ್ದು ಆಕೆಯ ಪರ್ಸಿನಲ್ಲೇ ಇತ್ತು: ಪ್ಯಾನ್ ಕಾರ್ಡ್. ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ, ಒಟ್ಟು ಹತ್ತು. ಐದನೇ ಸಾಲು ಖಾಲಿ ಬಿಟ್ಟರಾಯಿತು.

ಹಾಗಾದರೆ ಅಮೆರಿಕದ ನಂಬರ್ ಬೇಕೇ ಬೇಕು ಎನ್ನುವ ಮಾತು ಎಲ್ಲಿಂದ ಬಂತು? ಅದು ಪೂರ್ತಿ ಸುಳ್ಳಲ್ಲ, ಹಳತು. 2014ರಲ್ಲಿ ಈ ಫಾರ್ಮ್ ಪರಿಷ್ಕರಣೆ ಆಗುವ ಮುನ್ನ, ಎರಡು ದೇಶಗಳ ತೆರಿಗೆ ಒಪ್ಪಂದದ ರಿಯಾಯಿತಿ ಬೇಕೆಂದರೆ ಹೊರದೇಶದ ಲೇಖಕರು, ಪಾಠ ಮಾರುವವರು ಅಮೆರಿಕದ ನಂಬರ್ ತೆಗೆದುಕೊಳ್ಳಬೇಕಾಗುತ್ತಿತ್ತು. ಆಗ ಹುಟ್ಟಿದ ಸಲಹೆಯನ್ನೇ ಈಗಲೂ ಮಾರುತ್ತಿದ್ದಾರೆ. ಇವತ್ತು ಆ ರಿಯಾಯಿತಿಗೆ ನಮ್ಮ ಪ್ಯಾನ್ ಸಾಕು.

ರಿಯಾಯಿತಿ ಎಷ್ಟು ಎಂಬುದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಹಣ ಹೋಗುವುದು ಇಲ್ಲೇ. ಎದುರಾಬದುರು ಕೂತು ಹೇಳುವ ಪಾಠಕ್ಕೂ ವಿಡಿಯೊ ಪಾಠಕ್ಕೂ ಅಮೆರಿಕದ ಕಾನೂನಿನಲ್ಲಿ ವ್ಯತ್ಯಾಸವಿದೆ. ನೇರ ಪಾಠ ಎಂಬುದು ಸೇವೆ. ಸೇವೆಯ ಆದಾಯ ಎಲ್ಲಿಯದು ಎಂದು ನೋಡುವಾಗ ಆ ಕಾನೂನು ಕೆಲಸ ನಡೆದ ಜಾಗವನ್ನು ನೋಡುತ್ತದೆ. ಕಲಿಯುವ ಮಗು ನ್ಯೂಜೆರ್ಸಿಯಲ್ಲಿದ್ದರೂ ಕಲಿಸುವವರು ಜೇವರ್ಗಿಯಲ್ಲಿ ಇದ್ದಾರೆ, ಆದ್ದರಿಂದ ಅದು ಅಮೆರಿಕದ ಆದಾಯವಲ್ಲ, ಅಲ್ಲಿ ತೆರಿಗೆ ಕಡಿಯುವಂತಿಲ್ಲ. ವಿಡಿಯೊ ಪಾಠದ ಹಣವನ್ನು ಅನೇಕ ತಾಣಗಳು ರಾಯಲ್ಟಿ ಎಂದು ಲೆಕ್ಕ ಹಾಕುತ್ತವೆ. ಅಮೆರಿಕದಲ್ಲಿ ನೋಡಿದವರಿಂದ ಬಂದ ರಾಯಲ್ಟಿಗೆ ಅಲ್ಲಿಯ ಸಾಮಾನ್ಯ ದರ ಶೇ 30. ಭಾರತ ಮತ್ತು ಅಮೆರಿಕ 1989ರಲ್ಲಿ ಸಹಿ ಹಾಕಿ 1990ರ ಡಿಸೆಂಬರ್‌ನಲ್ಲಿ ಜಾರಿಗೆ ತಂದ ಒಪ್ಪಂದದ 12ನೇ ವಿಧಿಯಂತೆ ಇಂಥ ರಾಯಲ್ಟಿಗೆ ಶೇ 15ಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಫಾರ್ಮಿನ ಒಂಬತ್ತನೇ ಸಾಲಿನಲ್ಲಿ ಭಾರತ ಎಂದು ಬರೆದು, ಹತ್ತರಲ್ಲಿ ಆ ವಿಧಿ ಮತ್ತು ದರ ತುಂಬಿದರೆ ನೂರು ಡಾಲರಿಗೆ 85 ಕೈಗೆ ಬರುತ್ತದೆ. ಬಿಟ್ಟರೆ 70.

ಯೂಟ್ಯೂಬ್‌ನಲ್ಲಿ ಪಾಠ ಹಾಕುವವರು 2021ರ ಜೂನ್‌ನಿಂದ ಇದನ್ನೇ ಎದುರಿಸಿದ್ದಾರೆ. ಅಲ್ಲಿ ಫಾರ್ಮ್ ತುಂಬಿದವರಿಗೆ ಕಡಿತ ಅಮೆರಿಕದ ವೀಕ್ಷಕರಿಂದ ಬಂದ ಪಾಲಿನ ಮೇಲೆ ಮಾತ್ರ. ತುಂಬದೇ ಬಿಟ್ಟವರಿಗೆ ಜಗತ್ತಿನ ಎಲ್ಲ ಕಡೆಯಿಂದ ಬಂದ ಗಳಿಕೆಯ ಮೇಲೂ ಶೇ 24ರವರೆಗೆ ಹೋಗಬಹುದು. ನಮ್ಮೂರಿನ ಮಕ್ಕಳು ನೋಡಿದ್ದಕ್ಕೂ ಅಮೆರಿಕದಲ್ಲಿ ತೆರಿಗೆ ಕಟ್ಟಿದಂತೆ ಆಗುತ್ತದೆ. ಅರ್ಧ ಗಂಟೆಯ ಕೆಲಸವನ್ನು ಮುಂದೂಡಿ ಇಷ್ಟು ಕಳೆದುಕೊಂಡವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಹೆಸರು ಮತ್ತು ವಿಳಾಸ. ನಮ್ಮ ಭಾಗದ ಅರ್ಜಿಗಳು ಸಿಕ್ಕಿಕೊಳ್ಳುವುದು ಇಲ್ಲೇ. ನಮ್ಮಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಮೂರು ಬರೆಯುವ ರೂಢಿ. ಪ್ಯಾನ್‌ನಲ್ಲಿ ಮೂರೂ ಇರುತ್ತವೆ, ಆಧಾರ್‌ನಲ್ಲಿ ಎರಡು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು ಮುಂದೆ ಬಂದಿರುತ್ತದೆ. ಕಂಪ್ಯೂಟರಿಗೆ ಇವರು ಮೂವರು. ಪ್ಯಾನ್‌ನಲ್ಲಿ ಹೇಗಿದೆಯೋ ಹಾಗೇ, ಅದೇ ಅಕ್ಷರಗಳಲ್ಲಿ ತಾಣದ ಖಾತೆಯಲ್ಲೂ ಫಾರ್ಮಿನಲ್ಲೂ ಬರೆಯಿರಿ. ಬ್ಯಾಂಕಿನಲ್ಲಿ ಬೇರೆ ಇದ್ದರೆ ಮೊದಲು ಅಲ್ಲಿ ತಿದ್ದಿಸಿ. ಜಿಲ್ಲೆಯ ಹೆಸರೂ ಹಾಗೇ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿ ಆಯಿತು, ಆದರೆ ಎಷ್ಟೋ ಮನೆಯ ಹಳೆಯ ಕಾಗದಗಳಲ್ಲಿ ಗುಲ್ಬರ್ಗವೇ ಉಳಿದಿದೆ. ಜೇವರ್ಗಿ, ಅಫಜಲಪುರ ಎಂಬ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಎರಡೆರಡು ಕಾಗುಣಿತ ಓಡಾಡುತ್ತವೆ. ವಿಳಾಸದ ಪುರಾವೆಯಲ್ಲಿ ಇರುವುದನ್ನೇ ಹಿಡಿಯಿರಿ.

ವಿಳಾಸ ಬರೆಯುವಾಗ “ಮು.ಪೋ. ಕಡಗಂಚಿ, ತಾ. ಆಳಂದ” ಎಂಬ ನಮ್ಮ ರೂಢಿಯನ್ನು ಬಿಡಬೇಕು. ಮೂರನೇ ಸಾಲಿನ ವಾಸದ ವಿಳಾಸದಲ್ಲಿ ಪೋಸ್ಟ್ ಬಾಕ್ಸ್ ನಂಬರ್ ಕೊಡುವಂತಿಲ್ಲ ಎಂದು ಫಾರ್ಮಿನಲ್ಲೇ ಬರೆದಿದೆ. “ಪೋ.” ಎಂಬುದನ್ನು ನೋಡಿ ದೂರದಲ್ಲಿ ಕೂತವರು ಅದೇ ಎಂದು ತಿಳಿಯಲು ಅವಕಾಶ ಕೊಡಬಾರದು. ಮನೆ ನಂಬರ್, ಓಣಿ, ಊರು, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಎಂದು ಬಿಡಿಸಿ ಬರೆಯಿರಿ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಡಿಸೆಂಬರ್ 7ರಂದು ಹುಟ್ಟಿದವರು 07-12 ಎಂದು ಬರೆದರೆ ಜುಲೈ 12 ಆಗಿಹೋಗುತ್ತದೆ.

ಕೆಲವು ತಾಣಗಳು ಇದಾದ ಮೇಲೆ ವ್ಯಾಟ್ ಅಥವಾ ಜಿಎಸ್‌ಟಿ ನಂಬರ್ ಎಂಬ ಇನ್ನೊಂದು ಖಾನೆ ತೋರಿಸುತ್ತವೆ. ಇದ್ದರೆ ತುಂಬಿ, ಇಲ್ಲದಿದ್ದರೆ ಬಿಡಿ. ಆ ಖಾನೆಗೆ ಹೆದರಿ ಜಿಎಸ್‌ಟಿ ಮಾಡಿಸಬೇಕಿಲ್ಲ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ, ಹೊರದೇಶಕ್ಕೆ ಕೊಟ್ಟರೂ ನೋಂದಣಿ ಕಡ್ಡಾಯವಿಲ್ಲ. ದಾಟಿದ ಮೇಲೆ ಬೇಕು. ಆಗ ಸಿಗುವ 15 ಅಕ್ಷರದ ನಂಬರ್ ಕರ್ನಾಟಕದ 29ರಿಂದ ಶುರುವಾಗಿ, ನಡುವೆ ನಿಮ್ಮ ಅದೇ ಪ್ಯಾನ್ ಇಟ್ಟುಕೊಂಡಿರುತ್ತದೆ. ರಫ್ತು ಮಾಡಿದ ಸೇವೆಗೆ ಜಿಎಸ್‌ಟಿ ದರ ಸೊನ್ನೆ. ವರ್ಷಕ್ಕೊಮ್ಮೆ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪೋರ್ಟಲ್‌ನಲ್ಲೇ ಸಲ್ಲಿಸಿದರೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು.

ರಫ್ತು ಎನ್ನಲು ಹಣ ವಿದೇಶಿ ವಿನಿಮಯದಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ರೂಪಾಯಿ ದಾರಿಯಲ್ಲಿ ಬಂದಿರಬೇಕು. ನಮ್ಮ ಕಡೆ ಇದಕ್ಕೊಂದು ಸಲೀಸಾದ ತಪ್ಪು ದಾರಿ ಇದೆ. ಮಗು ಡಲ್ಲಾಸ್‌ನಲ್ಲಿ, ಅಜ್ಜ ಕಲಬುರಗಿಯಲ್ಲಿ. “ಡಾಲರ್ ಯಾಕ ಕಳಸ್ತೀರಿ, ನಾನೇ ಫೋನ್‌ಪೇ ಮಾಡ್ತೀನಿ” ಎಂದು ಅಜ್ಜ ತಿಂಗಳ ಫೀ ಹಾಕಿಬಿಡುತ್ತಾರೆ. ಪ್ರೀತಿಯ ಕೆಲಸವೇ, ಆದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಕಲಬುರಗಿಯಿಂದ ಬಂದ ರೂಪಾಯಿ. ನಾಳೆ ವಹಿವಾಟು ಬೆಳೆದಾಗ ಅದನ್ನು ರಫ್ತು ಎಂದು ತೋರಿಸಲು ಕೈಯಲ್ಲಿ ಕಾಗದ ಇರುವುದಿಲ್ಲ. ಫೀ ಅಲ್ಲಿಂದಲೇ ಬರಲಿ, ಬಂದಾಗ ಬ್ಯಾಂಕಿನಿಂದ ವಿದೇಶಿ ಹಣ ಬಂದದ್ದಕ್ಕೆ ಪತ್ರ ತೆಗೆದಿಡಿ.

ಹಾಗಾದರೆ ಅಮೆರಿಕದ ವ್ಯಾಪಾರದ ನಂಬರ್, ಅಂದರೆ ಇಐಎನ್, ಯಾರಿಗೆ ಬೇಕು? ಅಮೆರಿಕದಲ್ಲೇ ಕಂಪನಿ ತೆರೆಯುವವರಿಗೆ, ಅಲ್ಲಿ ಕೆಲಸಕ್ಕೆ ಜನರನ್ನು ಇಟ್ಟುಕೊಳ್ಳುವವರಿಗೆ. ಒಂಬತ್ತು ಅಂಕಿಯ ಈ ನಂಬರಿಗೆ ಐಆರ್‌ಎಸ್ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಹದಿನೆಂಟು ಸಾವಿರ ಎಂದದ್ದು ಬರಿಯ ಮಧ್ಯವರ್ತಿಯ ಕೂಲಿ. ಆನ್‌ಲೈನ್ ಅರ್ಜಿ ಅಮೆರಿಕದ ನಂಬರ್ ಮೊದಲೇ ಇದ್ದವರಿಗೆ ಮಾತ್ರ. ಹೊರಗಿನವರು ಎಸ್‌ಎಸ್-4 ಎಂಬ ಫಾರ್ಮ್ ತುಂಬಿ ಫ್ಯಾಕ್ಸ್ ಮಾಡಬೇಕು, ಅಂಚೆಗೆ ಹಾಕಬೇಕು ಅಥವಾ 267-941-1099ಕ್ಕೆ ಫೋನ್ ಮಾಡಬೇಕು. ಅದು ಉಚಿತ ಕರೆಯಲ್ಲ. ಸೋಮವಾರದಿಂದ ಶುಕ್ರವಾರ, ಅಲ್ಲಿಯ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದು. ಆಳಂದದಲ್ಲಿ ಕೂತವರಿಗೆ ಬೇಸಿಗೆಯಲ್ಲಿ ಮಧ್ಯಾಹ್ನ ಮೂರೂವರೆಗೆ, ಚಳಿಗಾಲದಲ್ಲಿ ನಾಲ್ಕೂವರೆಗೆ ಅವರ ಕಚೇರಿ ತೆರೆಯುತ್ತದೆ. ತುಂಬಿದ ಫಾರ್ಮ್ ಮುಂದಿಟ್ಟುಕೊಂಡು ಫೋನ್ ಮಾಡಿ, ಅವರು ಸಾಲು ಸಾಲಾಗಿ ಕೇಳುತ್ತಾರೆ. 7ಬಿ ಸಾಲಿನಲ್ಲಿ ಅಮೆರಿಕದ ನಂಬರ್ ಇಲ್ಲದವರು “ಫಾರಿನ್” ಎಂದು ಬರೆದಿರಬೇಕು. ಎಲ್ಲ ಸರಿ ಇದ್ದರೆ ಅದೇ ಕರೆಯಲ್ಲಿ ನಂಬರ್ ಹೇಳುತ್ತಾರೆ, ಖಚಿತಪಡಿಸುವ ಪತ್ರ ಆಮೇಲೆ ಅಂಚೆಯಲ್ಲಿ ಬರುತ್ತದೆ.

ನಂಬರ್ ಸುಲಭ, ಅದರ ಹಿಂದಿನ ಕಂಪನಿ ಸುಲಭವಲ್ಲ. ಹೊರಗಿನ ಒಬ್ಬರೇ ಒಡೆಯರಾಗಿರುವ ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿ, ತನ್ನ ಮತ್ತು ಒಡೆಯರ ನಡುವೆ ಹಣ ಓಡಾಡಿದ ವರ್ಷ ಫಾರ್ಮ್ 5472 ಸಲ್ಲಿಸಬೇಕು. ಮಾಲೀಕರು ಹಾಕಿದ ಮೊದಲ ಬಂಡವಾಳವೂ ಅದರಲ್ಲಿ ಸೇರುತ್ತದೆ. ಸಲ್ಲಿಸದಿದ್ದರೆ ದಂಡ 25,000 ಡಾಲರ್, ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಅಲ್ಲಿ ಬ್ಯಾಂಕ್ ಖಾತೆ ತೆರೆದರೆ ಅದನ್ನು ಇಲ್ಲಿಯ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು, ಅದಕ್ಕೆ ಚಿಕ್ಕ ರಿಟರ್ನ್ ಫಾರ್ಮ್‌ಗಳಾದ ಐಟಿಆರ್-1, ಐಟಿಆರ್-4 ನಡೆಯುವುದಿಲ್ಲ. ದೊಡ್ಡ ಮೊತ್ತವನ್ನು ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೂ ಅವಕಾಶವಿದೆ. ತಿಂಗಳಿಗೆ ಮುನ್ನೂರು ಡಾಲರ್ ದುಡಿಯುವ ಹುಡುಗಿಯ ಹೆಗಲಿಗೆ ಇಷ್ಟೆಲ್ಲ ಹೊರಿಸಿ ಕೂಲಿ ಪಡೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಯುರೋಪಿನ ಮಾತು ಬೇರೆ. ಅಲ್ಲಿಯ ಜನರಿಗೆ ನೀವೇ ನೇರವಾಗಿ ವಿಡಿಯೊ ಪಾಠ ಮಾರಿದರೆ, ಹೊರಗಿನವರಿಗೆ ಯಾವ ಮಿತಿಯೂ ಇಲ್ಲ, ಮೊದಲ ಯುರೊದಿಂದಲೇ ಕೊಂಡವರ ದೇಶದ ವ್ಯಾಟ್ ಬರುತ್ತದೆ. 2021ರ ಜುಲೈಯಿಂದ ಒಂದೇ ದೇಶದಲ್ಲಿ ನೋಂದಾಯಿಸಿ ಎಲ್ಲ ದೇಶಗಳದ್ದನ್ನೂ ಕಟ್ಟುವ ಒಂದೇ ಕಿಟಕಿಯ ವ್ಯವಸ್ಥೆ ಇದೆ. 2025ರ ಜನವರಿಯಿಂದ ಪರದೆಯ ಮೇಲಿನ ನೇರ ತರಗತಿಗಳನ್ನೂ ಕಲಿಯುವವರ ದೇಶದ ಲೆಕ್ಕಕ್ಕೆ ತಂದಿದ್ದಾರೆ. ಶಾಲಾ ವಿಷಯಗಳ ಖಾಸಗಿ ಪಾಠಕ್ಕೆ ಅಲ್ಲಿಯ ಕಾನೂನಿನಲ್ಲಿ ವಿನಾಯಿತಿಯೂ ಇದೆ, ಜರ್ಮನಿಗೋ ನೆದರ್ಲೆಂಡ್ಸಿಗೋ ಕಲಿಸುವವರು ಅದನ್ನು ಸಿಎ ಬಳಿ ಕೇಳಿಕೊಳ್ಳಬೇಕು. ದೊಡ್ಡ ತಾಣದ ಮೂಲಕ ವಿಡಿಯೊ ಮಾರಿದರೆ ಸಾಮಾನ್ಯವಾಗಿ ಆ ತಾಣವೇ ವ್ಯಾಟ್ ಕಟ್ಟುತ್ತದೆ. ಆರಂಭದಲ್ಲಿ ಅದೇ ಕ್ಷೇಮ. ಆಸ್ಟ್ರೇಲಿಯಾದಲ್ಲಿ ಅಲ್ಲಿಯ ವಹಿವಾಟು ವರ್ಷಕ್ಕೆ 75,000 ಆಸ್ಟ್ರೇಲಿಯನ್ ಡಾಲರ್ ಮುಟ್ಟುವವರೆಗೆ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ.

ಕೊನೆಗೆ ಇಲ್ಲಿಯ ಆದಾಯ ತೆರಿಗೆ. ಭಾರತದ ನಿವಾಸಿ ಎಲ್ಲಿಂದ ಗಳಿಸಿದರೂ ಇಲ್ಲಿ ತೋರಿಸಬೇಕು. ಕಡಿತವಾಗಿ ಕೈಗೆ ಬಂದ 85 ಡಾಲರ್ ಅಲ್ಲ, ಪೂರ್ತಿ ನೂರು. ಅಲ್ಲಿ ಕಡಿದ 15ನ್ನು ಇಲ್ಲಿಯ ತೆರಿಗೆಯಲ್ಲಿ ಕಳೆಯಲು ಬೇರೆ ಫಾರ್ಮ್ ಇದೆ, ಇದುವರೆಗೆ ಫಾರ್ಮ್ 67 ಎಂದು ಕರೆಯುತ್ತಿದ್ದದ್ದು. ಪುರಾವೆಯಾಗಿ ಅಮೆರಿಕದ ಕಂಪನಿ ಮಾರ್ಚ್ ಹೊತ್ತಿಗೆ ಕೊಡುವ 1042-ಎಸ್ ಪತ್ರ ಬೇಕು. ಅದು ಜನವರಿಯಿಂದ ಡಿಸೆಂಬರ್ ಲೆಕ್ಕ, ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಹಾಗಾಗಿ ತಿಂಗಳುವಾರು ಬರೆದಿಟ್ಟುಕೊಂಡಿದ್ದರೆ ಮಾತ್ರ ಹೊಂದಿಸಲು ಬರುತ್ತದೆ. ಇನ್ನೊಂದು ಮಾತು: 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬರುವುದಿಲ್ಲ. ನಮ್ಮ ಬಹುಪಾಲು ಶಿಕ್ಷಕರು ಆ ಮಿತಿಯೊಳಗೇ ಇದ್ದಾರೆ. ಇಲ್ಲಿ ತೆರಿಗೆಯೇ ಇಲ್ಲದಿದ್ದರೆ ಅಲ್ಲಿ ಕಡಿದದ್ದನ್ನು ಕಳೆಯುವುದು ಯಾವುದರಲ್ಲಿ? ಆ ಹಣ ಹೋದದ್ದು ಹೋದಂತೆಯೇ. 30ರ ಬದಲು 15 ಕಡಿಯುವಂತೆ ಮೊದಲೇ ನೋಡಿಕೊಳ್ಳುವುದು ಅದಕ್ಕೇ ಅಷ್ಟು ಮುಖ್ಯ.

ಅಕ್ಕನ ಮಗಳು ಮರುದಿನ ಪಾಠ ಮುಗಿಸಿ ಫಾರ್ಮ್ ತೆರೆದಳು. ನಾನು ಫೋನಿನಲ್ಲಿ ಜೊತೆಗಿದ್ದೆ. ಪ್ಯಾನ್‌ನ ಹತ್ತು ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಆರನೇ ಸಾಲಿನಲ್ಲಿ ತುಂಬಿದಳು. ಸಹಿಯ ಜಾಗಕ್ಕೆ ಬಂದಾಗ “ಇಷ್ಟೇ ಏನ್ ಮಾಮಾ?” ಎಂದಳು. ಇಷ್ಟೇ ಎಂದೆ. ಸಹಿ ಮಾಡಿದ ವರ್ಷ ಬಿಟ್ಟು ಇನ್ನು ಮೂರು ವರ್ಷದ ಕೊನೆಯವರೆಗೆ ಈ ಫಾರ್ಮ್ ನಡೆಯುತ್ತದೆ. ಆಕೆ ಮಾಡಿದ್ದು 2025ರಲ್ಲಿ, ಅಂದರೆ 2028ರ ಡಿಸೆಂಬರ್ 31ರವರೆಗೆ. ಅಷ್ಟರೊಳಗೆ ಮನೆ ಬದಲಾದರೆ, ಮದುವೆಯಾಗಿ ಹೆಸರು ಬದಲಾದರೆ 30 ದಿನದಲ್ಲಿ ಹೊಸದು ತುಂಬಬೇಕು. ಆ ತಾರೀಖನ್ನು ಈಗಲೇ ಬರೆದಿಟ್ಟುಕೋ ಎಂದೆ. ಫೋನ್ ಇಡುವ ಮುನ್ನ ಆ ಕಡೆಯಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.